ನಿಷ್ಠೆಗೆ ಎಲ್ಲಿ ಜಾಗ?

ಬೆಳಗಾಗುತ್ತಲೇ ಮನಸ್ಸಿನಲ್ಲಿ ಮೊದಲು ಏಳುವುದು ‘ಬೇಕು’ಗಳು. ಕರೆಂಟ್ ಬಿಲ್ ಕಟ್ಟಬೇಕು, ಶಾಲೆಗೆ ಹೋಗಿ ಮಗುವಿನ ಮೇಷ್ಟ್ರನ್ನು ಕಾಣಬೇಕು, ಎಷ್ಟೋ ದಿನದಿಂದ ಮುಂದೂಡುತ್ತ ಬಂದ ಒಂದು ಫೋನನ್ನು ಇವತ್ತಾದರೂ ಮಾಡಬೇಕು. ಅವುಗಳ ಬೆನ್ನಿಗೇ ‘ಬಹುದು’ಗಳು ಬರುತ್ತವೆ: ಸಂಜೆ ಮಳೆ ಬರಬಹುದು, ಅವರು ಒಪ್ಪದೆಯೂ ಇರಬಹುದು. ಆಮೇಲೆ ‘ಕೂಡದು’, ‘ಬಾರದು’. ದಿನ ಇನ್ನೂ ಕಣ್ಣು ಬಿಟ್ಟಿರುವುದಿಲ್ಲ, ಆಗಲೇ ಅದರ ತುಂಬ ಸಂಕಲ್ಪ, ಸಂದೇಹ, ನಿಷೇಧ. ಕೆಲಸ ಮಾತ್ರ ಇನ್ನೂ ಆಚೆ ದಡದಲ್ಲೇ ನಿಂತಿರುತ್ತದೆ. ಸಂಕಲ್ಪಕ್ಕೂ ಕೆಲಸಕ್ಕೂ ನಡುವಿನ ಈ ಸ್ಥಳದಲ್ಲಿ ಏನಿರಬೇಕು? ಇದನ್ನು ಯೋಚಿಸಲು ಇಂಗ್ಲಿಷ್ ವ್ಯಾಕರಣದ ಒಂದು ಸಣ್ಣ ಸಂಗತಿ ಒಳ್ಳೆಯ ದಾರಿ ತೋರಿಸುತ್ತದೆ.

ಇಂಗ್ಲಿಷಿನಲ್ಲಿ ‘ವಿಲ್’, ‘ಕ್ಯಾನ್’, ‘ಮೇ’, ‘ಮಸ್ಟ್’, ‘ಶುಡ್’ ಮೊದಲಾದ ಸಹಾಯಕ ಕ್ರಿಯಾಪದಗಳಿವೆ. ಇವು ತಾವಾಗಿ ಯಾವ ಕೆಲಸವನ್ನೂ ಮಾಡುವುದಿಲ್ಲ. ಇಚ್ಛೆ, ಶಕ್ತಿ, ಅನುಮತಿ, ಕರ್ತವ್ಯ ಇವನ್ನು ಸೂಚಿಸಿ ಪಕ್ಕಕ್ಕೆ ನಿಲ್ಲುತ್ತವೆ. ಕೆಲಸವನ್ನು ಹೇಳುವ ಮುಖ್ಯ ಕ್ರಿಯಾಪದ ಅವುಗಳ ನಂತರ ಬರುತ್ತದೆ. ಇವೆರಡರ ನಡುವೆ ಒಂದಿಷ್ಟು ಜಾಗವಿದೆ. ಯಾವಾಗಲೂ, ಎಂದಿಗೂ, ಬಹುಶಃ, ನಿಷ್ಠೆಯಿಂದ ಎಂಬಂಥ ಕ್ರಿಯಾವಿಶೇಷಣಗಳು ಬಂದು ಕೂರುವುದು ಸಾಮಾನ್ಯವಾಗಿ ಅಲ್ಲಿ. ನಮ್ಮಲ್ಲಿ ಎಷ್ಟೋ ಜನ ಹೈಸ್ಕೂಲಿನಲ್ಲಿ ಉರು ಹೊಡೆದ ರೆನ್ ಮತ್ತು ಮಾರ್ಟಿನ್ ವ್ಯಾಕರಣದಲ್ಲೂ ಈ ನಿಯಮ ಇದೆ. ಕ್ರಿಯಾಪದದಲ್ಲಿ ಒಂದಕ್ಕಿಂತ ಹೆಚ್ಚು ಪದಗಳಿದ್ದರೆ ಇಂಥ ವಿಶೇಷಣಗಳನ್ನು ಮೊದಲನೆಯ ಪದ ಆದ ಮೇಲೆ ಇಡಿ ಎನ್ನುತ್ತದೆ ಅದು.

ಇದು ಬರೀ ಅಂದಚಂದದ ವಿಷಯವಲ್ಲ. ‘ಐ ರಿಯಲಿ ಕಾಂಟ್ ಸೇ’ ಎಂದರೆ ನನ್ನಿಂದ ಹೇಳಲು ಖಂಡಿತ ಆಗದು ಎಂದು ಅರ್ಥ. ‘ಐ ಕಾಂಟ್ ರಿಯಲಿ ಸೇ’ ಎಂದರೆ ಇಂಥದೇ ಎಂದು ಖಚಿತವಾಗಿ ಹೇಳಲಾರೆ ಎಂದು. ಪದಗಳು ಅವೇ ನಾಲ್ಕು. ಒಂದು ಪದ ಒಂದು ಹೆಜ್ಜೆ ಸರಿದದ್ದಕ್ಕೆ ಬಾಗಿಲು ಮುಚ್ಚಿದವನು ಬಾಗಿಲು ಅರೆ ತೆರೆದವನಾಗುತ್ತಾನೆ.

ಈ ಒಂದು ಹೆಜ್ಜೆಯ ಅಂತರ ಲೋಕದ ಕಣ್ಣಿಗೆ ಬಿದ್ದದ್ದು 2009ರ ಜನವರಿ 20ರಂದು, ವಾಷಿಂಗ್ಟನ್ನಿನಲ್ಲಿ. ಬರಾಕ್ ಒಬಾಮಾ ಅಮೆರಿಕದ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸುತ್ತಿದ್ದರು. ಬೋಧಿಸುತ್ತಿದ್ದವರು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್. ಆ ಪ್ರಮಾಣವಚನ 1787ರಲ್ಲಿ ಫಿಲಡೆಲ್ಫಿಯಾದಲ್ಲಿ ರಚನೆಯಾದ ಸಂವಿಧಾನದಲ್ಲೇ ಪದಪದವಾಗಿ ಇದೆ. ಇಂಗ್ಲಿಷಿನಲ್ಲಿ ಮೂವತ್ತೈದು ಪದ, ಅಷ್ಟೆ. ಅದರಲ್ಲಿ ‘ವಿಲ್ ಫೇತ್‌ಫುಲಿ ಎಕ್ಸಿಕ್ಯೂಟ್’ ಎಂದಿದೆ; ನಿಷ್ಠೆಯ ಮಾತು ಸಂಕಲ್ಪಕ್ಕೂ ಕ್ರಿಯೆಗೂ ನಟ್ಟನಡುವೆ. ರಾಬರ್ಟ್ಸ್ ನೆನಪಿನಿಂದ ಹೇಳಿಕೊಡುತ್ತಿದ್ದರು. ಅವರ ಬಾಯಲ್ಲಿ ಆ ಮಾತು ಜಾಗ ತಪ್ಪಿ, ‘ಅಧ್ಯಕ್ಷ ಪದವಿಯನ್ನು’ ಎಂಬುದನ್ನೆಲ್ಲ ದಾಟಿ, ವಾಕ್ಯದ ಬಾಲಕ್ಕೆ ಹೋಗಿ ಕೂತಿತು. ಒಬಾಮಾ ಅರ್ಧಕ್ಕೆ ನಿಂತರು. ತಪ್ಪಿದ್ದು ಅವರಿಗೆ ಗೊತ್ತಾಗಿತ್ತು. ರಾಬರ್ಟ್ಸ್ ತಿದ್ದಲು ಹೊರಟರು, ಅದೂ ತೊಡರಿತು. ಕೊನೆಗೆ ಒಬಾಮಾ ಮೊದಲು ಕೇಳಿದ ಹಾಗೆಯೇ, ನಿಷ್ಠೆಯನ್ನು ಕೊನೆಯಲ್ಲಿಟ್ಟು ಹೇಳಿ ಮುಗಿಸಿದರು.

ಕಾನೂನಿನ ಮಟ್ಟಿಗೆ ಏನೂ ಕೆಟ್ಟಿರಲಿಲ್ಲ ಎನ್ನಬಹುದು. ಆ ದಿನ ಮಧ್ಯಾಹ್ನ ಹನ್ನೆರಡಕ್ಕೆ ಹೊಸ ಅಧ್ಯಕ್ಷರ ಅವಧಿ ತಾನಾಗಿ ಆರಂಭವಾಗುತ್ತದೆ ಎಂದು ಸಂವಿಧಾನದ ಇಪ್ಪತ್ತನೆಯ ತಿದ್ದುಪಡಿ ಹೇಳುತ್ತದೆ. ಆದರೂ ಯಾವ ಅನುಮಾನಕ್ಕೂ ಎಡೆ ಬೇಡವೆಂದು ಮರುದಿನ ಸಂಜೆ ಶ್ವೇತಭವನದ ಒಂದು ಕೋಣೆಯಲ್ಲಿ, ಕೆಲವೇ ಜನರ ಮುಂದೆ, ರಾಬರ್ಟ್ಸ್ ಕಪ್ಪು ನಿಲುವಂಗಿ ತೊಟ್ಟು ನಿಂತು ಮತ್ತೊಮ್ಮೆ ಪ್ರಮಾಣ ಮಾಡಿಸಿದರು. ಈ ಸಲ ಬಹಳ ನಿಧಾನವಾಗಿ ಹೇಳೋಣ ಎಂದು ಒಬಾಮಾ ನಕ್ಕರು. ಹಿಂದಿನ ದಿನ ಲಕ್ಷಾಂತರ ಜನರ ಎದುರು ಮುಗಿದಿದ್ದ ಸಮಾರಂಭವನ್ನು ಒಂದು ಕ್ರಿಯಾವಿಶೇಷಣಕ್ಕೋಸ್ಕರ ಇನ್ನೊಮ್ಮೆ ಮಾಡಿದ ಹಾಗಾಯಿತು.

ರಾಬರ್ಟ್ಸ್ ಹಾಗೇಕೆ ತಪ್ಪಿದರು? ಭಾಷಾವಿಜ್ಞಾನಿ ಸ್ಟೀವನ್ ಪಿಂಕರ್ ಆ ವಾರವೇ ಪತ್ರಿಕೆಯಲ್ಲಿ ಒಂದು ಊಹೆ ಮುಂದಿಟ್ಟರು. ಸಹಾಯಕ ಕ್ರಿಯಾಪದವನ್ನೂ ಮುಖ್ಯ ಕ್ರಿಯಾಪದವನ್ನೂ ಬೇರೆ ಮಾಡಬಾರದು ಎಂಬ ನಂಬಿಕೆಯೊಂದು ಅಮೆರಿಕದ ವಕೀಲರ ಬರವಣಿಗೆಯಲ್ಲಿ ಬೇರು ಬಿಟ್ಟಿದೆ, ಆ ಅಭ್ಯಾಸವೇ ನ್ಯಾಯಮೂರ್ತಿಗಳ ನಾಲಿಗೆಯನ್ನು ಎಳೆದಿರಬೇಕು ಎಂದರು. ಊಹೆ ನಿಜವಿರಲಿ ಇಲ್ಲದಿರಲಿ, ನಂಬಿಕೆ ಇರುವುದಂತೂ ನಿಜ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ‘ಟು’ ಎಂಬುದಕ್ಕೂ ಅದರ ಕ್ರಿಯಾಪದಕ್ಕೂ ನಡುವೆ ಬೇರೆ ಪದ ನುಗ್ಗಿಸಬಾರದು ಎಂದು ಕೆಲವರು ಪಟ್ಟು ಹಿಡಿದಿದ್ದರು. ಆ ಹೆದರಿಕೆ ಮೆಲ್ಲನೆ ಪಕ್ಕದ ಮನೆಗೂ ಹಬ್ಬಿತು. ಸಹಾಯಕ ಕ್ರಿಯಾಪದದ ನೆರೆಯಲ್ಲೂ ಏನನ್ನೂ ಇಡಬಾರದೆಂದು ಜನ ತಾವೇ ಅಂದುಕೊಂಡರು. ಯಾರೂ ಹಾಕದ ಬೇಲಿಯನ್ನು ಕಂಡು ಸುತ್ತಿ ನಡೆಯುವುದು ಮನುಷ್ಯನ ಹಳೆಯ ಚಾಳಿ.

ಆ ಬೇಲಿ ಅಲ್ಲಿ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದವರಲ್ಲಿ ಹೆನ್ರಿ ಫೌಲರ್ ಒಬ್ಬ. 1926ರಲ್ಲಿ ಬಂದ ಅವನ ಇಂಗ್ಲಿಷ್ ಬಳಕೆಯ ನಿಘಂಟು ಇಂದಿಗೂ ಬರಹಗಾರರ ಮೇಜಿನ ಮೇಲಿದೆ. ಸಂಯುಕ್ತ ಕ್ರಿಯಾಪದದ ನಡುವೆ ವಿಶೇಷಣ ಬರುವುದು ತಪ್ಪಲ್ಲ, ಅದರ ಸಹಜವಾದ ಜಾಗವೇ ಅದು ಎಂದ ಫೌಲರ್. ಅವನ ಬದುಕಿನ ಒಂದು ತಿರುವು ಈ ಮಾತಿಗೆ ಬೇರೆಯೇ ತೂಕ ಕೊಡುತ್ತದೆ. ಇಂಗ್ಲೆಂಡಿನ ಸೆಡ್‌ಬರ್ಗ್ ಶಾಲೆಯಲ್ಲಿ ಅವನು ಹದಿನೇಳು ವರ್ಷ ಮೇಷ್ಟ್ರಾಗಿದ್ದ. ವಿದ್ಯಾರ್ಥಿನಿಲಯವೊಂದರ ಹೊಣೆ ಹೊರುವ ಬಡ್ತಿ ಬಂತು. ಅದನ್ನು ಒಪ್ಪಿದರೆ ಹುಡುಗರನ್ನು ಚರ್ಚಿನ ದೀಕ್ಷೆಗೆ ಅಣಿಗೊಳಿಸಬೇಕಾಗಿತ್ತು. ಆ ನಂಬಿಕೆ ತನ್ನಲ್ಲಿ ಇಲ್ಲದಿರುವಾಗ ಅದನ್ನು ಕಲಿಸುವುದು ಅವನ ಮನಸ್ಸಿಗೆ ಒಗ್ಗಲಿಲ್ಲ. ಬಾಯಿಪಾಠದಂತೆ ಕಲಿಸಿ ಸಂಬಳ ತೆಗೆದುಕೊಂಡಿದ್ದರೆ ಕೇಳುವವರು ಯಾರು? ಫೌಲರ್ ಬಡ್ತಿ ಬೇಡವೆಂದ, 1899ರಲ್ಲಿ ಶಾಲೆಯನ್ನೇ ಬಿಟ್ಟ. ಕೆಲವು ವರ್ಷಗಳ ಮೇಲೆ ಗರ್ನ್‌ಸಿ ದ್ವೀಪಕ್ಕೆ ಹೋಗಿ, ತಮ್ಮನ ಜೊತೆ ಸೇರಿ, ಕಡಿಮೆ ಖರ್ಚಿನ ಬದುಕು ನಡೆಸುತ್ತ ಪುಸ್ತಕ ಬರೆದ. ಕೆಲಸವನ್ನು ಮಾಡಬಲ್ಲೆ, ಆದರೆ ನಿಷ್ಠೆಯಿಂದ ಮಾಡಲಾರೆ ಎಂದು ತಿಳಿದಾಗ ಹುದ್ದೆಯನ್ನೇ ಒಲ್ಲೆ ಎನ್ನುವುದೂ ನಿಷ್ಠೆಯೇ.

ಈಗ ಆ ಮೂವತ್ತೈದು ಪದಗಳ ಪ್ರಮಾಣವಚನಕ್ಕೆ ಮರಳಿ ಇನ್ನಷ್ಟು ಹತ್ತಿರದಿಂದ ನೋಡೋಣ. ಅದರಲ್ಲಿ ‘ವಿಲ್’ ಎಂಬ ಸಂಕಲ್ಪ ಎರಡು ಸಲ ಬರುತ್ತದೆ. ಎರಡು ಸಲವೂ ಸಂಕಲ್ಪಕ್ಕೂ ಕ್ರಿಯೆಗೂ ನಡುವೆ ಏನೋ ಒಂದನ್ನು ಇಟ್ಟಿದ್ದಾರೆ. ಮೊದಲನೆಯದು, ಪದವಿಯ ಕೆಲಸವನ್ನು ನಿಷ್ಠೆಯಿಂದ ನಡೆಸುತ್ತೇನೆ ಎಂಬುದು. ಎರಡನೆಯದು, ಸಂವಿಧಾನವನ್ನು ನನ್ನ ಕೈಲಾದಷ್ಟು ಕಾಪಾಡಿ ರಕ್ಷಿಸುತ್ತೇನೆ ಎಂಬುದು. ಒಂದು ಕಡೆ ನಿಷ್ಠೆ, ಇನ್ನೊಂದು ಕಡೆ ಕೈಲಾದಷ್ಟು. ಇವೆರಡೂ ಅದಲುಬದಲಾಗಿಲ್ಲ, ಬೆರೆತೂ ಇಲ್ಲ. ಸಂವಿಧಾನ ಉಳಿಯುತ್ತದೋ ಇಲ್ಲವೋ ಎಂಬುದು ಒಬ್ಬನ ಕೈಯಲ್ಲಿರುವ ಮಾತಲ್ಲ. ಯುದ್ಧವಿದೆ, ವಿರೋಧವಿದೆ, ಕಾಲವಿದೆ. ಅದಕ್ಕಾಗಿ ಅಲ್ಲಿ ‘ಕೈಲಾದಷ್ಟು’ ಎಂಬ ವಿನಾಯಿತಿ ಇದೆ. ನಿಷ್ಠೆಗೆ ಮಾತ್ರ ಆ ವಿನಾಯಿತಿ ಕೊಟ್ಟಿಲ್ಲ. ‘ಕೈಲಾದಷ್ಟು ನಿಷ್ಠೆಯಿಂದ ನಡೆಸುತ್ತೇನೆ’ ಎಂದು ಯಾವ ಅಧ್ಯಕ್ಷನೂ ಹೇಳುವಂತಿಲ್ಲ. ಫಲ ಸಿಗುವುದಕ್ಕೆ ಮಿತಿಗಳುಂಟು, ನಿಷ್ಠೆಗೆ ಮಿತಿ ಇಲ್ಲ ಎಂಬ ವಿವೇಕವನ್ನು ಆ ಕಾಲದವರು ವಾಕ್ಯದ ಒಳಗೇ ಕಟ್ಟಿಟ್ಟರು.

ಇದು ದೂರದ ದೇಶದ ಮಾತು ಎಂದು ಬಿಡುವ ಹಾಗಿಲ್ಲ. ನಮ್ಮ ಸಂವಿಧಾನದ 60ನೆಯ ವಿಧಿಯಲ್ಲಿ ರಾಷ್ಟ್ರಪತಿಗಳ ಪ್ರಮಾಣವಚನ ಇದೆ. ಅದರ ಇಂಗ್ಲಿಷ್ ಪಾಠದಲ್ಲಿ ಇದೇ ಎರಡು ಮಾತು, ಇದೇ ಎರಡು ಜಾಗಗಳಲ್ಲಿ ಇವೆ. ರಕ್ಷಿಸಬೇಕಾದದ್ದರ ಸಾಲಿಗೆ ಸಂವಿಧಾನದ ಜೊತೆ ಕಾನೂನನ್ನೂ ಸೇರಿಸಿ, ಭಾರತದ ಜನರ ಸೇವೆಗೂ ಕ್ಷೇಮಕ್ಕೂ ನನ್ನನ್ನು ಅರ್ಪಿಸಿಕೊಳ್ಳುತ್ತೇನೆ ಎಂಬ ಮೂರನೆಯ ಸಂಕಲ್ಪವನ್ನು ನಮ್ಮವರು ಜೋಡಿಸಿದರು. ಆ ಮೂರನೆಯದಕ್ಕೆ ನಡುವೆ ಯಾವ ವಿಶೇಷಣವೂ ಇಲ್ಲ, ಯಾವ ಷರತ್ತೂ ಇಲ್ಲ. ರಾಷ್ಟ್ರಪತಿಗಳ ಕಾರ್ಯವನ್ನು ನಿರ್ವಹಿಸುವವರಿಗೂ ಇದೇ ವಿಧಿ ಅನ್ವಯಿಸುತ್ತದೆ. 1977ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಆ ಹೊಣೆ ಹೊತ್ತವರು ನಮ್ಮ ಬಿ.ಡಿ. ಜತ್ತಿಯವರು.

ಮೂರನೆಯ ಅನುಸೂಚಿಯನ್ನು ತೆರೆದರೆ ಇನ್ನೂ ಕುತೂಹಲಕರ ಸಂಗತಿಗಳಿವೆ. ನ್ಯಾಯಮೂರ್ತಿಗಳ ಪ್ರಮಾಣವಚನದಲ್ಲಿ ‘ವಿಲ್’ಗೂ ಅದರ ಕ್ರಿಯಾಪದಕ್ಕೂ ನಡುವೆ ಇಂಗ್ಲಿಷಿನ ಹದಿಮೂರು ಪದಗಳು ಸಾಲಾಗಿ ನಿಂತಿವೆ: ಕ್ರಮಬದ್ಧವಾಗಿ, ನಿಷ್ಠೆಯಿಂದ, ನನ್ನ ಶಕ್ತಿ, ಜ್ಞಾನ, ವಿವೇಚನೆ ಇರುವಷ್ಟು ಮಟ್ಟಿಗೆ. ಇ.ಎಸ್. ವೆಂಕಟರಾಮಯ್ಯ, ಎಂ.ಎನ್. ವೆಂಕಟಾಚಲಯ್ಯ ಮುಂತಾಗಿ ಈ ನಾಡಿನಿಂದ ಸುಪ್ರೀಂ ಕೋರ್ಟಿಗೆ ಹೋದವರಿಗೆಲ್ಲ ಇದೇ ನಮೂನೆ. ಮಂತ್ರಿಗಳ ಪ್ರಮಾಣವಚನದಲ್ಲಿ ನಿಷ್ಠೆ ಇದೆ, ಅದರ ಪಕ್ಕದಲ್ಲೇ ಅಂತಃಸಾಕ್ಷಿಯೂ ಇದೆ. ಕೈಲಾದಷ್ಟು ಎಂಬ ಮಾತು ಮಾತ್ರ ಅಲ್ಲಿ ಎಲ್ಲೂ ಇಲ್ಲ. ರಾಜಭವನದಲ್ಲಿ ಹೊಸ ಸಂಪುಟ ಪ್ರಮಾಣ ಸ್ವೀಕರಿಸುವಾಗ ಯಾರಿಗೆ ಯಾವ ಖಾತೆ ಎಂದು ನಾವು ಲೆಕ್ಕ ಹಾಕುತ್ತಿರುತ್ತೇವೆ, ಈ ಮಾತುಗಳು ಕಿವಿಯ ಪಕ್ಕ ಹಾದು ಹೋಗುತ್ತವೆ.

ಕನ್ನಡದ ಕಟ್ಟಡ ಬೇರೆ. ‘ಮಾಡಲು’ ಮತ್ತು ‘ಬೇಕು’ ಬೆಸೆದುಕೊಂಡು ‘ಮಾಡಬೇಕು’ ಆದ ಮೇಲೆ ನಡುವೆ ಇಡೀ ಪದಕ್ಕೆ ಪ್ರವೇಶವಿಲ್ಲ. ಹೇಗೆ ಮಾಡುವುದು ಎಂಬುದನ್ನೆಲ್ಲ ನಾವು ಕ್ರಿಯಾಪದಕ್ಕಿಂತ ಮುಂಚೆಯೇ ಹೇಳಿ ಮುಗಿಸಬೇಕು. ‘ಅಚ್ಚುಕಟ್ಟಾಗಿ, ಹೊತ್ತಿಗೆ ಸರಿಯಾಗಿ, ಯಾರಿಗೂ ನೋವಾಗದ ಹಾಗೆ’ ಎಂದು ಒಬ್ಬ ಹೇಳುತ್ತ ಹೋದರೆ, ಕೊನೆಯಲ್ಲಿ ಬರುವುದು ‘ಮಾಡುತ್ತೇನೆ’ಯೋ, ‘ಮಾಡಬೇಕಿತ್ತು’ವೋ, ‘ಮಾಡಲಾರೆ’ಯೋ ಎಂದು ಕೇಳುವವನು ಕಾದಿರಬೇಕು. ಆ ಬೆಸುಗೆಯೊಳಗೆ ನುಸುಳುವ ಶಕ್ತಿ ಇರುವುದು ಏ, ಊ ಎಂಬಂಥ ಬರಿಯ ಸ್ವರಗಳಿಗೆ. ಮಾಡಬೇಕು ಎಂಬುದು ಮಾಡಲೇಬೇಕು ಆಗುತ್ತದೆ, ಬರಬಹುದು ಎಂಬುದು ಬರಲೂಬಹುದು ಆಗುತ್ತದೆ. ಒಂದು ಸ್ವರ ಹೊಕ್ಕರೆ ಹಟ, ಇನ್ನೊಂದು ಹೊಕ್ಕರೆ ಔದಾರ್ಯ.

ಆ ಹಟದ ‘ಏ’ಯನ್ನು ನಾವು ಯಾವುದಕ್ಕೆ ಖರ್ಚು ಮಾಡುತ್ತಿದ್ದೇವೆ ಎಂದು ಕೇಳಿಕೊಂಡರೆ ಸ್ವಲ್ಪ ನಾಚಿಕೆಯಾಗುತ್ತದೆ. ಮಗಳಿಗೆ ರ‍್ಯಾಂಕ್ ಬರಲೇಬೇಕು. ಮಗನಿಗೆ ಸೀಟು ಸಿಗಲೇಬೇಕು. ಈ ತಿಂಗಳ ಟಾರ್ಗೆಟ್ ಮುಟ್ಟಲೇಬೇಕು. ಸೈಟಿನ ಖಾತೆ ಈ ವಾರ ಆಗಲೇಬೇಕು. ಇವೆಲ್ಲ ಫಲಗಳು, ಪೂರ್ತಿಯಾಗಿ ನಮ್ಮ ಕೈಯಲ್ಲಿ ಇಲ್ಲದವು. ಅವುಗಳ ಮೇಲೆ ಹಟ ಸುರಿಯುತ್ತೇವೆ. ಹೇಗೆ ಎಂಬ ಪ್ರಶ್ನೆ ಬಂದಾಗ ನಾಲಿಗೆಗೆ ಸಿಗುವ ಮಾತು ‘ಹೇಗಾದರೂ’. ಹೇಗಾದರೂ ಮಾಡಿ ಮುಗಿಸು. ಯಾರನ್ನಾದರೂ ಹಿಡಿ, ಏನಾದರೂ ಕೊಡು, ಕೆಲಸ ಆಗಬೇಕು. ಪ್ರಮಾಣವಚನ ಬರೆದವರು ನಿಷ್ಠೆಗೆ ಷರತ್ತು ಇಡದೆ ಫಲಕ್ಕೆ ಮಿತಿ ಇಟ್ಟಿದ್ದರು. ನಾವು ಫಲಕ್ಕೆ ಷರತ್ತು ಬೇಡವೆಂದು, ನಿಷ್ಠೆಯನ್ನು ಕೈಲಾದಷ್ಟಕ್ಕೆ ಬಿಟ್ಟುಬಿಟ್ಟಿದ್ದೇವೆ. ಎರಡು ಮಾತುಗಳೂ ಉಳಿದಿವೆ, ಕೂತ ಜಾಗ ಅದಲುಬದಲಾಗಿದೆ.

ನಿಷ್ಠೆಯನ್ನು ಕೊನೆಗೆ ಸೇರಿಸಿದರೆ ಏನಾಯಿತು, ಅರ್ಥ ಅದೇ ತಾನೆ ಎನ್ನಬಹುದು. ವಾಕ್ಯದಲ್ಲಿ ಅರ್ಥ ಹೆಚ್ಚುಕಡಿಮೆ ಉಳಿದೀತು, ಬದುಕಿನಲ್ಲಿ ಹಾಗಲ್ಲ. ಹಾಲಿಗೆ ಹೆಪ್ಪು ಹಾಕುವುದು ರಾತ್ರಿ. ಬೆಳಿಗ್ಗೆ ಎದ್ದು ಬಡಿಸುವ ಹೊತ್ತಿಗೆ ಒಂದು ಚಮಚ ಬೆರೆಸಿದರೆ ಮೊಸರಾಗದು. ಕೆಲಸವನ್ನು ಮೊದಲು ಹೇಗೋ ಮುಗಿಸಿ, ಆಮೇಲೆ ಅದಕ್ಕೆ ನಿಷ್ಠೆಯ ಹೆಸರು ಅಂಟಿಸುವುದು ಹಾಗೆಯೇ. ವರದಿ ಬರೆದಾದ ಮೇಲೆ ಅಂಕಿಗಳನ್ನು ಹೊಂದಿಸುವುದು, ಕಟ್ಟಡ ಎದ್ದ ಮೇಲೆ ಗುಣಮಟ್ಟದ ಪ್ರಮಾಣಪತ್ರ ತರಿಸುವುದು, ಮಾತು ಮುರಿದ ಮೇಲೆ ನನ್ನ ಮನಸ್ಸು ಒಳ್ಳೆಯದೇ ಇತ್ತು ಎನ್ನುವುದು, ಇವೆಲ್ಲ ವಾಕ್ಯದ ಬಾಲದಲ್ಲಿ ಇಟ್ಟ ನಿಷ್ಠೆಗಳು. ಸಂಕಲ್ಪ ಹುಟ್ಟಿದ ಮೇಲೆ, ಕೈ ಕೆಲಸಕ್ಕೆ ಹೋಗುವ ಮುಂಚೆ, ಆ ನಡುವಿನ ಹೊತ್ತಿನಲ್ಲಿ ಅದು ಒಳಗೆ ಬಂದಿರಬೇಕು.

ಸರಿಯಾದ ಜಾಗದಲ್ಲಿ ಸರಿಯಾದ ಮಾತನ್ನು ಉಚ್ಚರಿಸಿದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದೇನೂ ಇಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ರಿಚರ್ಡ್ ನಿಕ್ಸನ್ 1969ರಲ್ಲೂ 1973ರಲ್ಲೂ ಇದೇ ಪ್ರಮಾಣ ಸ್ವೀಕರಿಸಿದವರು. ಎರಡನೆಯ ಅವಧಿ ಮುಗಿಸಲಾಗದೆ 1974ರ ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟರು. ನಮ್ಮಲ್ಲೂ ಉದಾಹರಣೆಗೆ ಬರವಿಲ್ಲ. ಮಾತು ಮನುಷ್ಯನನ್ನು ಕಟ್ಟಿಹಾಕಲಾರದು. ಆದರೆ ಅಳೆಯುವುದಕ್ಕೆ ಒಂದು ಕೋಲನ್ನಂತೂ ಕೊಡುತ್ತದೆ. ನೀನು ನಿಷ್ಠೆಯಿಂದ ಎಂದಿದ್ದೆಯಲ್ಲ ಎಂದು ಕೇಳುವುದಕ್ಕೆ, ಮೊದಲು ಅವನು ಹಾಗೆ ಹೇಳಿರಬೇಕು. ಬೇರೆಯವರನ್ನು ಬಿಡಿ, ನಮ್ಮನ್ನು ನಾವು ಕೇಳಿಕೊಳ್ಳುವುದಕ್ಕೂ ಅಷ್ಟು ಬೇಕು.

ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವ ಮಗಳೊಬ್ಬಳನ್ನು ನೆನೆಯೋಣ. ಇಂಥ ಮನೆ ಪ್ರತಿ ಬೀದಿಯಲ್ಲೂ ಇದೆ. ಅಮ್ಮ ಎದ್ದು ಓಡಾಡುವಂತಾಗುತ್ತಾಳೋ ಇಲ್ಲವೋ ಎಂಬುದು ಅವಳ ಕೈಯಲ್ಲಿಲ್ಲ. ಅಲ್ಲಿ ಕೈಲಾದಷ್ಟು ಎಂಬ ಮಾತಿಗೆ ಜಾಗವಿದೆ, ಇರಬೇಕು. ಇಲ್ಲದಿದ್ದರೆ ಆ ಜೀವ ತಪ್ಪಿತಸ್ಥ ಭಾವದಲ್ಲೇ ಬೆಂದುಹೋಗುತ್ತದೆ. ಎಂಟು ಗಂಟೆಯ ಮಾತ್ರೆಯನ್ನು ಎಂಟಕ್ಕೇ ಕೊಡುವುದು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಕೇಳಿದ್ದನ್ನೇ ಮತ್ತೆ ಕೇಳಿದರೂ ಉತ್ತರಿಸುವುದು, ಇವು ನಿಷ್ಠೆಯ ಪಾಲು. ಇನ್ನೊಬ್ಬರ ನೆರವು ಬೇಕಾದಾಗ ಕೇಳುವುದೂ ಅದರ ಪಾಲೇ, ಏಕೆಂದರೆ ದಣಿದು ಬಿದ್ದವಳು ಯಾರ ಕೆಲಸವನ್ನೂ ನಡೆಸಲಾರಳು. ಮಳೆಯನ್ನು ನಂಬಿದ ರೈತನಿಗೂ ಇದೇ ಲೆಕ್ಕ. ಪೈರು ಕೈಗೆ ಬರುವುದು ಕೈಲಾದಷ್ಟು. ಹದ ನೋಡಿ ಬಿತ್ತುವುದು, ಕಳೆ ಕೀಳುವುದು ನಿಷ್ಠೆ. ಯಾವುದು ಯಾವ ಪಾಲು ಎಂದು ವಿಂಗಡಿಸಿಕೊಂಡವರಿಗೆ ಅಹಂಕಾರವೂ ಕಡಿಮೆ, ಕೊರಗೂ ಕಡಿಮೆ.

ಹಾಗಾದರೆ ಇವತ್ತಿನ ನಮ್ಮ ‘ಬೇಕು’ಗಳ ಪಟ್ಟಿಯನ್ನು ಇನ್ನೊಮ್ಮೆ ಎದುರಿಗೆ ಇಟ್ಟುಕೊಳ್ಳೋಣ. ಅದನ್ನು ಉದ್ದ ಮಾಡುವುದು ಬೇಡ, ತುಂಡರಿಸುವುದೂ ಬೇಡ. ಒಂದೊಂದರ ಮುಂದೆಯೂ ಎರಡು ಪ್ರಶ್ನೆ ಕೇಳಿದರೆ ಸಾಕು. ಇದರಲ್ಲಿ ನನ್ನ ಕೈ ಮೀರಿದ್ದು ಎಷ್ಟು? ಅಷ್ಟಕ್ಕೆ ‘ಕೈಲಾದಷ್ಟು’ ಎಂದು ಹೇಳಿ ಹಗುರಾಗೋಣ. ಇದರಲ್ಲಿ ನನ್ನ ಕೈಯೊಳಗೆ ಇರುವುದು ಎಷ್ಟು? ಅಷ್ಟಕ್ಕೆ ನಿಷ್ಠೆಯನ್ನು ಮೊದಲೇ ಸೇರಿಸೋಣ. ಪಟ್ಟಿಯಲ್ಲಿ ಯಾವುದಾದರೂ ಒಂದು, ಎಷ್ಟು ಹುಡುಕಿದರೂ ‘ಹೇಗಾದರೂ’ ಎಂಬ ಮಾತನ್ನು ಬಿಟ್ಟು ಬೇರೇನನ್ನೂ ಒಳಗೆ ಬಿಟ್ಟುಕೊಳ್ಳದಿದ್ದರೆ, ಫೌಲರ್ ಮೇಷ್ಟ್ರ ಹಾಗೆ ಅದನ್ನು ಒಲ್ಲೆ ಎನ್ನುವ ಸ್ವಾತಂತ್ರ್ಯವೂ ನಮಗಿದೆ. ಸಂಜೆ ಒಂದೆರಡು ಕೆಲಸ ಉಳಿದೇ ಉಳಿಯುತ್ತವೆ, ಒಂದೆರಡು ಕೆಟ್ಟೂ ಹೋಗಬಹುದು. ಆಗ ನನ್ನ ಕೈಲಾಗಲಿಲ್ಲ ಎಂದು ಹೇಳುವುದರಲ್ಲಿ ಸಂಕೋಚವೇನೂ ಇಲ್ಲ. ಹಾಗೆ ಹೇಳುವ ಹಕ್ಕು ಮಾತ್ರ, ಕೈಯೊಳಗಿದ್ದಷ್ಟನ್ನು ನಿಷ್ಠೆಯಿಂದ ಮಾಡಿದವರದು.